ಯಾರ ಒಪ್ಪಿಗೆ ಕೇಳಬೇಕಿತ್ತು? ಬರ್ಲಿನ್‌ನ ಝೂಫೈಲ್ ಗುಂಪು, ನಮ್ಮ 377, ಒಂದು ಬೀದಿನಾಯಿ

ಸ್ಪ್ರೀ ದಂಡೆಯವನು

ಇದನ್ನ ಬರೆಯೋದಾ ಬೇಡವಾ ಅಂತ ಬಹಳ ದಿನ ಯೋಚಿಸಿದೆ. ಓದೋಕೆ ಕಿರಿಕಿರಿ ಆಗುವ ವಿಷಯ. ಊಟದ ಹೊತ್ತಲ್ಲಿ ಇದ್ದರೆ ಆಮೇಲೆ ಓದಿ.

ಹೋದ ವಾರ ಮೈಸೂರಿನಿಂದ ನನ್ನ ತಂಗಿ ಮಗ ಫೋನ್ ಮಾಡಿದ. ಕಾನೂನು ಓದುತ್ತಿದ್ದಾನೆ. "ಮಾವ, ಜರ್ಮನಿಯಲ್ಲಿ ಪ್ರಾಣಿಗಳ ಜೊತೆ ಲೈಂಗಿಕ ಸಂಬಂಧ ಇಟ್ಟುಕೊಳ್ಳೋರದ್ದೇ ಒಂದು ಗುಂಪು ಇದೆಯಂತೆ. ಹಕ್ಕು ಬೇಕು ಅಂತ ಹೋರಾಟ ಮಾಡ್ತಾರಂತೆ. ನಿಜವಾ?" ಅಂದ.

ನಿಜ. ನಾನು ಅವರನ್ನ ನೋಡಿದ್ದೇನೆ. 2013ರ ಫೆಬ್ರವರಿ 1, ಬರ್ಲಿನ್‌ನಲ್ಲಿ. ಆಫೀಸಿನಿಂದ ಬರುವಾಗ ದಾರಿಯಲ್ಲಿ ಸ್ವಲ್ಪ ಜನ ಫಲಕ ಹಿಡಿದು ನಿಂತಿದ್ದರು. ಒಬ್ಬರ ಪಕ್ಕದಲ್ಲಿ ನಾಯಿ ಇತ್ತು. ಪ್ರಾಣಿ ದಯಾ ಸಂಘದವರು ಇರಬೇಕು ಅಂದುಕೊಂಡು ಹತ್ತಿರ ಹೋದೆ. ಫಲಕ ಓದಿದ ಮೇಲೆ ಅರ್ಥ ಆಯಿತು. ಅವತ್ತೇ ಜರ್ಮನಿಯ ಸಂಸತ್ತಿನ ಮೇಲ್ಮನೆಯಲ್ಲಿ ಇವರ ವಿರುದ್ಧದ ಕಾನೂನು ಒಪ್ಪಿಗೆಗೆ ಬಂದಿತ್ತು. ಅದನ್ನು ವಿರೋಧಿಸಿ ನಿಂತಿದ್ದರು.

ಗುಂಪಿನ ಹೆಸರು ಝೀಟಾ. "ಸಹನೆ ಮತ್ತು ತಿಳಿವಳಿಕೆಗಾಗಿ ಝೂಫೈಲ್‌ಗಳ ಪ್ರಯತ್ನ" ಅನ್ನೋ ಅರ್ಥದ ಜರ್ಮನ್ ಪದಗಳ ಮೊದಲ ಅಕ್ಷರ ಸೇರಿಸಿ ಮಾಡಿದ ಹೆಸರು. ಝೂಫೈಲ್ ಅಂದರೆ ಪ್ರಾಣಿಗಳ ಕಡೆ ಲೈಂಗಿಕ ಒಲವು ಇರೋರು. ಗ್ರೀಕ್ ಅಕ್ಷರ ಝೀಟಾ ಈ ಜನರ ಗುರುತು ಕೂಡ. 90ರ ದಶಕದಲ್ಲಿ ಇಂಟರ್‌ನೆಟ್ ಬಂದಾಗ ಯೂಸ್‌ನೆಟ್ ಅನ್ನೋ ಆಗಿನ ಚರ್ಚಾ ತಾಣದಲ್ಲಿ ಒಬ್ಬರನ್ನೊಬ್ಬರು ಕಂಡುಕೊಂಡವರು ನಿಧಾನಕ್ಕೆ ತಮ್ಮದೇ ಮಾತು, ತಮ್ಮದೇ ಗುರುತು ಕಟ್ಟಿಕೊಂಡರು. ಅವರು ಹೇಳೋದು ಹೀಗೆ: ನಾವು ಪ್ರಾಣಿಗಳನ್ನು ಹಿಂಸಿಸೋರಲ್ಲ, ಪ್ರೀತಿಸೋರು. ಹಿಂಸಿಸೋರು ಬೇರೆ, ನಾವೂ ಅವರನ್ನ ವಿರೋಧಿಸ್ತೀವಿ. ಇದು ಹುಟ್ಟಿನಿಂದ ಬಂದ ಒಲವು. ಸಲಿಂಗಿಗಳಿಗೆ ಸಿಕ್ಕ ಮರ್ಯಾದೆ ನಮಗೂ ಸಿಗಬೇಕು.

ಮನೆಗೆ ಬಂದ ಮೇಲೂ ಫಲಕದ ಮೇಲಿನ ಮಾತುಗಳೇ ತಲೆಯಲ್ಲಿ ಸುತ್ತುತ್ತಿದ್ದವು. ಜರ್ಮನ್‌ನಲ್ಲಿ ಎರಡು ಪದ ಇವೆ. ಸಮಾಜ ಒಪ್ಪಿಕೊಳ್ಳೋದಕ್ಕೆ ಅಕ್ಸೆಪ್ಟಾನ್ಸ್. ಒಬ್ಬರು ಇನ್ನೊಬ್ಬರಿಗೆ 'ಆಗಲಿ' ಅನ್ನೋದಕ್ಕೆ ಐನ್‌ವಿಲಿಗುಂಗ್. ಕನ್ನಡದಲ್ಲಿ ಎರಡಕ್ಕೂ ಒಂದೇ ಪದ: ಒಪ್ಪಿಗೆ. ನಮ್ಮ ಭಾಷೆಯಲ್ಲಿ ಯೋಚಿಸಿದಾಗಲೇ ನನಗೆ ಇದು ತಟ್ಟಿದ್ದು. ಅವರು ಬೀದಿಗೆ ಬಂದು ನನ್ನ ಒಪ್ಪಿಗೆ ಕೇಳುತ್ತಿದ್ದರು. ಸಂಸತ್ತಿನ ಒಪ್ಪಿಗೆ ಕೇಳುತ್ತಿದ್ದರು. ಪಕ್ಕದಲ್ಲಿದ್ದ ನಾಯಿಯದ್ದು?

ಇದರ ಬಗ್ಗೆ ಕನ್ನಡದಲ್ಲಿ ಸರಿಯಾಗಿ ಬರೆದಿರೋದು ನನಗೆ ಸಿಕ್ಕಿಲ್ಲ. ತಿಳಿದವರು ಬರೆಯಿರಿ. ಬೈಗುಳ ಬೇಡ, ಜೋಕೂ ಬೇಡ.

ಕಪ್ಪು ಕೋಟು ಧಾರವಾಡ

ಒಳ್ಳೆಯ ವಿಷಯ ಎತ್ತಿದಿರಿ ಸರ್. ನಾನು ವಕೀಲ. ಜರ್ಮನಿಯ ಕಾನೂನಿನ ಕತೆ ನಮ್ಮದಕ್ಕೆ ತುಂಬಾ ಹತ್ತಿರ ಇದೆ, ಅದನ್ನ ಮೊದಲು ಹೇಳ್ತೀನಿ.

1871ರ ಅವರ ದಂಡ ಸಂಹಿತೆಯಲ್ಲಿ 175ನೇ ಸೆಕ್ಷನ್ ಇತ್ತು. ಗಂಡಸರ ನಡುವಿನ ಸಂಬಂಧ, ಮನುಷ್ಯ ಪ್ರಾಣಿ ಸಂಬಂಧ ಎರಡನ್ನೂ ಒಂದೇ ಸಾಲಿನಲ್ಲಿ ಅಪರಾಧ ಮಾಡಿತ್ತು. 1935ರಲ್ಲಿ ನಾಜಿಗಳು ಪ್ರಾಣಿಯ ಭಾಗವನ್ನು 175ಬಿ ಅಂತ ಬೇರೆ ಮಾಡಿದರು. 1969ರಲ್ಲಿ ಪಶ್ಚಿಮ ಜರ್ಮನಿ ವಯಸ್ಕ ಗಂಡಸರ ಮೇಲಿನ ಕೇಸನ್ನು ಸಡಿಲಿಸಿತು. ಅದೇ ವರ್ಷ 175ಬಿ ಪೂರ್ತಿ ಹೋಯಿತು. ಸ್ವೀಡನ್‌ನಲ್ಲೂ ಹೀಗೇ. 1944ರಲ್ಲಿ ಸಲಿಂಗ ಸಂಬಂಧ ಅಪರಾಧ ಅಲ್ಲ ಅಂದಾಗ ಇದೂ ಜೊತೆಗೇ ಹೋಯಿತು. ಮತ್ತೆ ನಿಷೇಧ ಬಂದಿದ್ದು 2014ರಲ್ಲಿ. ಎಪ್ಪತ್ತು ವರ್ಷ ಆದ ಮೇಲೆ!

ಜರ್ಮನಿಯಲ್ಲಿ 1969ರಿಂದ 2013ರವರೆಗೆ ಪ್ರಾಣಿಗೆ ಗಾಯವೋ ನೋವೋ ಆಗಿದೆ ಅಂತ ತೋರಿಸಿದರೆ ಮಾತ್ರ ಪ್ರಾಣಿ ರಕ್ಷಣೆ ಕಾಯ್ದೆಯಲ್ಲಿ ಕೇಸು. ತೋರಿಸೋದು ಹೇಗೆ? ಹೇಳೋಕೆ ಅದಕ್ಕೆ ಬಾಯಿ ಇಲ್ಲ. 2013ರ ಜುಲೈನಲ್ಲಿ ಹೊಸ ಕಲಮು ಜಾರಿಗೆ ಬಂತು. ಪ್ರಾಣಿಯನ್ನು ಲೈಂಗಿಕ ಕ್ರಿಯೆಗೆ ಬಳಸಿ, ಅದರ ಜಾತಿಗೆ ಸಹಜವಲ್ಲದ ನಡವಳಿಕೆಗೆ ಒತ್ತಾಯಿಸುವಂತಿಲ್ಲ. ತಪ್ಪಿದರೆ 25,000 ಯೂರೋವರೆಗೆ ದಂಡ. ಜೈಲು ಇಲ್ಲ.

ಇದರ ವಿರುದ್ಧ ಇಬ್ಬರು ಅಲ್ಲಿಯ ಸಾಂವಿಧಾನಿಕ ನ್ಯಾಯಾಲಯಕ್ಕೆ ಹೋದರು. ನಮ್ಮ ಲೈಂಗಿಕ ಸ್ವಾತಂತ್ರ್ಯಕ್ಕೆ ಧಕ್ಕೆ ಅಂದರು. 2015ರ ಡಿಸೆಂಬರ್‌ನಲ್ಲಿ ಕೋರ್ಟ್ ಅರ್ಜಿಯನ್ನು ತಳ್ಳಿಹಾಕಿತು. ಸ್ವಾತಂತ್ರ್ಯಕ್ಕೆ ಸ್ವಲ್ಪ ಅಡ್ಡಿ ಆಗೋದು ನಿಜ, ಆದರೆ ಪ್ರಾಣಿಯ ಕ್ಷೇಮ ಕಾಯೋದು ನ್ಯಾಯವಾದ ಉದ್ದೇಶ ಅಂತ ಹೇಳಿತು. 2002ರಿಂದ ಪ್ರಾಣಿ ರಕ್ಷಣೆ ಅವರ ಸಂವಿಧಾನದಲ್ಲೇ ಇದೆ, ಅದು ಇಲ್ಲಿ ಕೆಲಸಕ್ಕೆ ಬಂತು. ಒಂದು ಕೊರತೆ ಮಾತ್ರ ನನಗೆ ಇವತ್ತಿಗೂ ಚುಚ್ಚುತ್ತೆ. 'ಒತ್ತಾಯ' ಅಂದರೆ ದೈಹಿಕ ಬಲ ಅಥವಾ ಅದಕ್ಕೆ ಹೋಲಿಸಬಹುದಾದ ಒತ್ತಾಯ ಇರಬೇಕು ಅಂತ ಕೋರ್ಟ್ ಅರ್ಥ ಮಾಡಿತು. ತಿಂಡಿ ತೋರಿಸಿ ಪಳಗಿಸಿದ ನಾಯಿಯ ವಿಷಯದಲ್ಲಿ ಈ ಪದ ಎಷ್ಟು ಕೆಲಸ ಮಾಡುತ್ತೆ, ನೀವೇ ಯೋಚಿಸಿ.

ಸಾಬರಮ್ಮನ ಕೆರೆ

ಅಂದ್ರೆ ಹಳೇ ಕಾನೂನು ಕಠಿಣ ಇತ್ತು, ಉದಾರವಾದ ಬಂದು ಎಲ್ಲ ಹಾಳಾಯ್ತು ಅಂತಲಾ?

ಕಪ್ಪು ಕೋಟು ಧಾರವಾಡ

ಅಲ್ಲ. ಹಳೇ ಕಾನೂನಿನಲ್ಲಿ ಪ್ರಾಣಿ ಬಲಿಪಶು ಆಗಿರಲೇ ಇಲ್ಲ. ಅದು ಪಾಪದ ಲೆಕ್ಕ, 'ಪ್ರಕೃತಿಗೆ ವಿರುದ್ಧ' ಅನ್ನೋ ಲೆಕ್ಕ. ಯೂರೋಪಿನಲ್ಲಿ ಎಷ್ಟೋ ಕಡೆ ಮನುಷ್ಯನ ಜೊತೆ ಪ್ರಾಣಿಯನ್ನೂ ಕೊಲ್ಲುತ್ತಿದ್ದರು. ಅದೂ ಕೆಟ್ಟಿತು ಅಂತ.

ಇದಕ್ಕೆ ಒಂದು ಅಪರೂಪದ ಅಪವಾದ ಇದೆ. 1750, ಫ್ರಾನ್ಸ್‌ನ ವಾನ್ವ್ ಅನ್ನೋ ಊರು. ಫೆರೋನ್ ಅನ್ನುವವನು ಹೆಣ್ಣು ಕತ್ತೆಯ ಜೊತೆ ಸಿಕ್ಕಿಬಿದ್ದ. ಅವನಿಗೆ ಮರಣದಂಡನೆ ಆಯಿತು. ಕತ್ತೆಗೂ ಅದೇ ಗತಿ ಆಗಬೇಕಿತ್ತು. ಆಗ ಊರಿನ ಮಠದ ಮುಖ್ಯಸ್ಥರು, ಊರ ಹಿರಿಯರು ಸೇರಿ ಒಂದು ಪತ್ರ ಬರೆದು ಸಹಿ ಹಾಕಿದರು. ಈ ಕತ್ತೆಯನ್ನ ನಾಲ್ಕು ವರ್ಷದಿಂದ ಬಲ್ಲೆವು, ಮನೆಯಲ್ಲೂ ಹೊರಗೂ ಒಳ್ಳೆಯ ನಡತೆಯದು, ಯಾರಿಗೂ ತೊಂದರೆ ಕೊಟ್ಟಿಲ್ಲ ಅಂತ. ಕೋರ್ಟ್ ಕತ್ತೆಯನ್ನ ಬಿಟ್ಟಿತು. ಅದು ತನ್ನ ಇಷ್ಟದಿಂದ ಭಾಗವಹಿಸಿಲ್ಲ, ಅದರ ಮೇಲೆ ಬಲಾತ್ಕಾರ ಆಗಿದೆ ಅಂತ.

ನಾನು ಇದನ್ನ ಓದಿದಾಗ ನಗು ಬರಲಿಲ್ಲ. ಕತ್ತೆಗೆ ನಡತೆ ಪತ್ರ ಅಂದರೆ ಜನ ನಗುತ್ತಾರೆ. ಆದರೆ ಆ ಊರಿನವರು ಕೇಳಿದ ಪ್ರಶ್ನೆ ಸರಿಯಾಗಿತ್ತು. ಕತ್ತೆಗೆ ಏನಾಯಿತು ಅಂತ ಕೇಳಿದರು. ಕಾನೂನಿನ ಲೋಕ ಆ ಪ್ರಶ್ನೆಗೆ ಬರೋಕೆ ಇನ್ನೂ ಇನ್ನೂರು ಚಿಲ್ಲರೆ ವರ್ಷ ಹಿಡೀತು. 1997ರಲ್ಲಿ ಅಪರಾಧಶಾಸ್ತ್ರಜ್ಞ ಪಿಯರ್ಸ್ ಬರ್ನ್ ಇದನ್ನು ಲೈಂಗಿಕ ದಾಳಿ ಅಂತಲೇ ಕರೀಬೇಕು ಅಂತ ವಾದಿಸಿದರು. ಒತ್ತಾಯ ಇದೆ, ನೋವೋ ಸಾವೋ ಆಗುತ್ತೆ, ಪ್ರಾಣಿಗೆ ಒಪ್ಪಿಗೆ ಕೊಡೋಕೂ ಆಗಲ್ಲ, ಆಮೇಲೆ ಯಾರಿಗಾದರೂ ಹೇಳಿಕೊಳ್ಳೋಕೂ ಆಗಲ್ಲ ಅನ್ನೋದು ಅವರ ಕಾರಣ.

ಕೊಟ್ಟಿಗೆ ಡಾಕ್ಟರ್

ನಾನು ಹಾಸನ ಕಡೆ ಪಶುವೈದ್ಯೆ. ಹದಿನೇಳು ವರ್ಷ ಸರ್ವೀಸು. 'ಹೇಳಿಕೊಳ್ಳೋಕೆ ಆಗಲ್ಲ' ಅನ್ನೋ ಮಾತು ಓದಿ ಇಲ್ಲಿಗೆ ಬಂದೆ. ಹೆಸರು ಹಾಕಲ್ಲ, ಊರೂ ಹೇಳಲ್ಲ.

ಎರಡು ವರ್ಷದ ಹಿಂದೆ ಒಂದು ಸಂಜೆ ನಾಲ್ಕು ಹುಡುಗರು ಸಿಮೆಂಟ್ ಚೀಲದ ಮೇಲೆ ಮಲಗಿಸಿಕೊಂಡು ಒಂದು ಹೆಣ್ಣು ನಾಯಿ ತಂದರು. ಕಂದು ಬಣ್ಣದ ಬೀದಿನಾಯಿ, ವರ್ಷ ಒಂದೂವರೆ ಇರಬಹುದು. ಕಟ್ಟಡದ ಕೆಲಸ ನಡೆಯೋ ಜಾಗದಲ್ಲಿ ಸಿಕ್ಕಿತಂತೆ. ಗಾಯದ ವಿವರ ಇಲ್ಲಿ ಬರೆಯಲ್ಲ. ನೋಡಿದ ತಕ್ಷಣ ನನಗೆ ಗೊತ್ತಾಯಿತು.

ನಾನು ಬರೆಯೋದು ಅದರ ಮುಖದ ಬಗ್ಗೆ. ಅದು ಕಚ್ಚಲಿಲ್ಲ. ಗುರ್ ಅನ್ನಲಿಲ್ಲ. ಟೇಬಲ್ ಮೇಲೆ ಕಲ್ಲಿನ ಹಾಗೆ ನಿಂತಿತ್ತು. ಬಾಲ ಹೊಟ್ಟೆಗೆ ಅಂಟಿತ್ತು. ಕಣ್ಣಂಚಿನ ಬಿಳಿ ಕಾಣುತ್ತಿತ್ತು. ಮತ್ತೆ ಮತ್ತೆ ತುಟಿ ನೆಕ್ಕುತ್ತಿತ್ತು, ಆಕಳಿಸುತ್ತಿತ್ತು. ಗೊತ್ತಿಲ್ಲದವರು ನೋಡಿದರೆ "ಎಷ್ಟು ಸಾಧು ನಾಯಿ, ಸುಮ್ನೆ ನಿಂತಿದೆ" ಅಂತಾರೆ. ನಮ್ಮ ಅಟೆಂಡರ್ ಹಾಗೇ ಅಂದರು. ಅದು ಸಾಧು ಆಗಿದ್ದಲ್ಲ. ಭಯ ತಡೆಯೋಕಾಗದೆ ಮೈ ಬಿಗಿದು ನಿಂತಿದ್ದು. ಓಡೋಕೂ ಆಗದೆ, ಎದುರಿಸೋಕೂ ಆಗದೆ ಇದ್ದಾಗ ಪ್ರಾಣಿ ಮಾಡೋದು ಇದೇ.

ಆ ಬರ್ಲಿನ್‌ನವರು "ನಾಯಿ ಓಡಿ ಹೋಗಲಿಲ್ಲ, ಕಚ್ಚಲಿಲ್ಲ, ಹಾಗಾದರೆ ಅದಕ್ಕೆ ಇಷ್ಟ" ಅಂತ ಹೇಳ್ತಾರಲ್ಲ, ಅದಕ್ಕೆ ನನ್ನ ಉತ್ತರ ಆ ಟೇಬಲ್ ಮೇಲೆ ನಿಂತಿತ್ತು.

ಯಾಕೆ ಅಂತ ಕೇಳೋನು

ಡಾಕ್ಟರ್ ಮೇಡಂ, ತಪ್ಪು ತಿಳೀಬೇಡಿ, ನಾನು ಅವರ ಪರ ಅಲ್ಲ. ಆದರೆ ಅವರ ವಾದದಲ್ಲಿ ಒಂದು ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ನಾವು ಕುರಿ ಕಡಿದು ತಿನ್ನುತ್ತೇವೆ. ಅದರ ಒಪ್ಪಿಗೆ ಕೇಳಲ್ಲ. ಹಸುವನ್ನು ಕಂಬಕ್ಕೆ ಕಟ್ಟಿ ಕೃತಕ ಗರ್ಭಧಾರಣೆ ಮಾಡಿಸ್ತೀವಿ. ಅದಕ್ಕೂ ಕೇಳಲ್ಲ. ಕೊಲ್ಲೋದಕ್ಕೆ ಬೇಡದ ಒಪ್ಪಿಗೆ ಇದಕ್ಕೆ ಮಾತ್ರ ಯಾಕೆ ಬೇಕು? ಪ್ರಾಣಿಗಳ ಪರ ವಾದಿಸೋ ಪೀಟರ್ ಸಿಂಗರ್ ಥರದ ತತ್ವಜ್ಞಾನಿ ಕೂಡ 2001ರಲ್ಲಿ ಈ ಕಡೆ ವಾಲಿ ಬರೆದಿದ್ದರು, ಹಿಂಸೆ ಇಲ್ಲದಿದ್ದರೆ ಇದರ ಮೇಲಿನ ನಿಷೇಧ ಯಾಕೆ ಅಂತ. ಪ್ರಾಣಿ ಹಕ್ಕಿನ ಚಳವಳಿಯವರೇ ಅವರ ಮೇಲೆ ಸಿಟ್ಟಾದರು. ಸಿಟ್ಟು ಸರಿ, ಉತ್ತರ ಏನು?

ಕೊಟ್ಟಿಗೆ ಡಾಕ್ಟರ್

ನ್ಯಾಯವಾದ ಪ್ರಶ್ನೆ. ತಿಂಗಳಿಗೆ ಎಷ್ಟೋ ಹಸುಗಳಿಗೆ ನಾನೇ ಕೃತಕ ಗರ್ಭಧಾರಣೆ ಮಾಡ್ತೀನಿ, ಹಾಗಾಗಿ ತಪ್ಪಿಸಿಕೊಂಡು ಹೋಗೋಕೆ ಆಗಲ್ಲ.

ಹಸು ಬೆದೆಗೆ ಬಂದಾಗ ರೈತ ಕರೆಸುತ್ತಾನೆ. ಕಂಬಗಳ ಚೌಕಟ್ಟಿನಲ್ಲಿ, ನಾವು ಟ್ರೆವಿಸ್ ಅಂತೀವಿ, ನಿಲ್ಲಿಸ್ತೀವಿ. ಹಸುವಿಗೆ ಅದು ಇಷ್ಟದ ಕೆಲಸ ಅಲ್ಲ. ಬೇಗ ಮುಗಿಸ್ತೀವಿ. ಅದರಲ್ಲೂ ತಪ್ಪುಗಳಿವೆ. ಅನುಭವ ಇಲ್ಲದವರ ಕೈಯಲ್ಲಿ ಹಸು ನರಳೋದನ್ನ ನೋಡಿದ್ದೇನೆ. ಮಾಂಸದ ವಿಷಯದಲ್ಲೂ, ಲಾರಿಯಲ್ಲಿ ತುಂಬಿಕೊಂಡು ಹೋಗೋ ರೀತಿ ನೋಡಿದರೆ ನಮಗೆ ದೊಡ್ಡ ಮಾತಾಡೋ ಹಕ್ಕಿಲ್ಲ ಅನಿಸುತ್ತೆ. ಇದನ್ನೆಲ್ಲ ಒಪ್ಪಿಕೊಳ್ತೀನಿ.

ಆದರೆ ಒಂದು ಅನ್ಯಾಯ ಇದೆ ಅಂತ ಇನ್ನೊಂದಕ್ಕೆ ಬಾಗಿಲು ತೆಗೆಯೋಕಾಗುತ್ತಾ? ಹಸುವಿಗೆ ಒದ್ದವನು "ನೀವು ಹಾಲು ಕುಡಿಯಲ್ವಾ" ಅಂತ ಕೇಳಿದ ಹಾಗಾಯಿತು. ಇನ್ನೊಂದು ಮಾತು. ಕುರಿ ಕಡಿಯೋನು ಕುರಿ ನನ್ನ ಸಂಗಾತಿ ಅನ್ನಲ್ಲ. ಕುರಿಗೂ ಇದು ಇಷ್ಟ ಅನ್ನಲ್ಲ. ಈ ಗುಂಪಿನವರು ಹಾಗೆ ಅಂತಾರೆ. ಇದು ಇಬ್ಬರ ನಡುವಿನ ಸಂಬಂಧ, ಪ್ರಾಣಿಯೂ ಒಪ್ಪಿದೆ ಅಂತಾರೆ. ಒಪ್ಪಿಗೆಯ ಮಾತನ್ನು ಅವರೇ ತಂದ ಮೇಲೆ ಒಪ್ಪಿಗೆಯ ಲೆಕ್ಕವನ್ನೇ ಕೇಳಬೇಕು.

ಸಾಕಿದ ನಾಯಿಯ ಊಟ ಯಾರ ಕೈಯಲ್ಲಿ? ಬಾಗಿಲು ತೆಗೆಯೋರು ಯಾರು? ಬೆಲ್ಟ್ ಯಾರ ಕೈಯಲ್ಲಿ? ಸಾವಿರಾರು ತಲೆಮಾರಿನಿಂದ ನಾವು ನಾಯಿಯನ್ನ ನಮ್ಮ ಮುಖ ನೋಡಿ ಬದುಕೋ ಹಾಗೆ ತಿದ್ದಿದ್ದೇವೆ. ನಾನು ಸೂಜಿ ಚುಚ್ಚಿದ ಮೇಲೂ ಬಾಲ ಅಲ್ಲಾಡಿಸುತ್ತೆ. ಅದನ್ನ ಸೂಜಿಗೆ ಒಪ್ಪಿಗೆ ಅಂತ ನಾನು ಬರೆದುಕೊಂಡರೆ ನೀವು ಒಪ್ಪುತ್ತೀರಾ?

ಯಾಕೆ ಅಂತ ಕೇಳೋನು

ಇಲ್ಲ. ಸರಿ ಮೇಡಂ. ಬಾಲದ ಮಾತು ಮನಸ್ಸಿಗೆ ಹೊಕ್ಕಿತು.

ಸಂಪಿಗೆ ರಸ್ತೆ

ನಾನು ಸಲಿಂಗಿ. ಬೆಂಗಳೂರು. ಇಲ್ಲಿ ಒಂದು ಮಾತು ಹೇಳದೇ ಹೋದರೆ ನಿದ್ದೆ ಬರಲ್ಲ.

2018ರ ಸೆಪ್ಟೆಂಬರ್ 6ರಂದು ಸಲಿಂಗ ಸಂಬಂಧ ಅಪರಾಧ ಅಲ್ಲ ಅಂತ ಸುಪ್ರೀಂ ಕೋರ್ಟ್ ತೀರ್ಪು ಬಂದಾಗ ಆಫೀಸಿನ ಬಾತ್‌ರೂಮಿಗೆ ಹೋಗಿ ಅತ್ತೆ. ಹೊರಗೆ ಬಂದಾಗ ಒಬ್ಬ ಸಹೋದ್ಯೋಗಿ ನಗುತ್ತಾ ಕೇಳಿದ, "ಮುಂದಿನದು ಏನು, ನಾಯಿ ಮದುವೆನಾ?" ಏಳೆಂಟು ವರ್ಷ ಆದರೂ ಆ ಮಾತು ಮರೆತಿಲ್ಲ.

ಈಗ ಈ ಗುಂಪಿನವರು ನಮ್ಮ ಮಾತುಗಳನ್ನೇ ಎತ್ತಿಕೊಂಡು ಹೋಗಿದ್ದಾರೆ. ಹೊರಗೆ ಬರೋದು, ಹುಟ್ಟಿನ ಒಲವು, ಬಾವುಟ, ಹಕ್ಕಿನ ದಿನ. ನಮ್ಮನ್ನ ದ್ವೇಷಿಸೋರೂ ಅವರೂ ಒಂದೇ ಮಾತು ಹೇಳ್ತಾರೆ: ನೀವೂ ಅವರೂ ಒಂದೇ. 1860ರಲ್ಲಿ ಬ್ರಿಟಿಷರು ಬರೆದ ಭಾರತೀಯ ದಂಡ ಸಂಹಿತೆಯ 377ನೇ ಸೆಕ್ಷನ್ ಕೂಡ ಅದನ್ನೇ ಹೇಳಿತ್ತು. 'ಗಂಡಸು, ಹೆಂಗಸು ಅಥವಾ ಪ್ರಾಣಿ' ಅಂತ ಒಂದೇ ಉಸಿರಿನಲ್ಲಿ. ನಮ್ಮನ್ನ ಪ್ರಾಣಿಯ ಜೊತೆ ಒಂದೇ ಬೋನಿಗೆ ಹಾಕಿದ್ದು ಅವರು.

ನಾವು ಆ ಬೋನಿನಿಂದ ಹೊರಗೆ ಬಂದಿದ್ದು ಯಾವುದರ ಬಲದಿಂದ? ಇಬ್ಬರು ವಯಸ್ಕರು, ಇಬ್ಬರ ಒಪ್ಪಿಗೆ. ತೀರ್ಪಿನ ಬುನಾದಿಯೇ ಅದು. ಅದೇ ತೀರ್ಪಿನಲ್ಲಿ ಒಪ್ಪಿಗೆ ಇಲ್ಲದ ಕೃತ್ಯಕ್ಕೂ, ಪ್ರಾಣಿಯ ವಿಷಯಕ್ಕೂ 377 ಹಾಗೇ ಉಳಿಯುತ್ತೆ ಅಂತ ಸ್ಪಷ್ಟವಾಗಿ ಬರೆದಿದ್ದರು. ಒಪ್ಪಿಗೆ ತೆಗೆದರೆ ನಮ್ಮ ವಾದದಲ್ಲಿ ಏನೂ ಉಳಿಯಲ್ಲ. ಹಾಗಾಗಿ ಇವರು ನಮ್ಮ ನೆಂಟರಲ್ಲ. ದಯವಿಟ್ಟು ಒಂದೇ ಸಾಲಿನಲ್ಲಿ ಕೂರಿಸಬೇಡಿ.

ಸ್ಪ್ರೀ ದಂಡೆಯವನು

ನೀವು ಬರೆದದ್ದು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನನ್ನ ತಂಗಿ ಮಗನೂ ಅದೇ ಧಾಟಿಯಲ್ಲಿ ಕೇಳಿದ್ದ, "ಇದೂ ಒಂದು ದಿನ ಮಾಮೂಲಾಗುತ್ತಾ ಮಾವ?" ಅಂತ. ನಿಮ್ಮ ಉತ್ತರ ಅವನಿಗೆ ಕಳಿಸಿದ್ದೇನೆ.

ಇಲ್ಲಿ ನಡೆದಿರೋದು ಅದಕ್ಕೆ ತಿರುಗುಮುರುಗು ಅಂತಲೂ ಅವನಿಗೆ ಹೇಳಿದೆ. ಇವರು ಹೊರಗೆ ಬಂದು ಒಪ್ಪಿಗೆ ಕೇಳಿದಷ್ಟೂ ನಿಷೇಧ ಜಾಸ್ತಿ ಆಗಿದೆ. ಸ್ವಿಟ್ಜರ್ಲೆಂಡ್ 2008, ನೆದರ್ಲೆಂಡ್ಸ್ 2010, ಜರ್ಮನಿ 2013, ಸ್ವೀಡನ್ 2014, ಡೆನ್ಮಾರ್ಕ್ 2015. ಡೆನ್ಮಾರ್ಕ್‌ನದು ಸ್ವಾರಸ್ಯ. 2006ರಲ್ಲಿ ಅಲ್ಲಿಯ ಪ್ರಾಣಿ ನೀತಿ ಮಂಡಳಿ ಹೊಸ ಕಾನೂನು ಬೇಕಿಲ್ಲ, ಇರೋದೇ ಸಾಕು ಅಂದಿತ್ತು. ಒಂಬತ್ತು ವರ್ಷದಲ್ಲಿ ಸಂಸತ್ತು 91-75 ಮತಗಳಿಂದ ನಿಷೇಧಿಸಿತು. ಗಾಯ ತೋರಿಸೋದು ಕಷ್ಟ, ಬೇಡ ಅಂತ ಹೇಳೋಕೆ ಪ್ರಾಣಿಗೆ ಆಗಲ್ಲ, ಹಾಗಾಗಿ ಅನುಮಾನ ಇದ್ದಾಗ ಪ್ರಾಣಿಯ ಪರ ನಿಲ್ಲಬೇಕು ಅನ್ನೋದು ಮಂತ್ರಿಯ ವಾದವಾಗಿತ್ತು.

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2005ರಲ್ಲಿ ಈನಮ್‌ಕ್ಲಾ ಅನ್ನೋ ಊರಿನ ಹತ್ತಿರ ಒಬ್ಬ ಮನುಷ್ಯ ಕುದುರೆಯಿಂದ ಆದ ಗಾಯಕ್ಕೆ ಸತ್ತ. ಅಲ್ಲಿ ಸೇರುತ್ತಿದ್ದ ಗುಂಪು ಒಬ್ಬರಿಗೊಬ್ಬರು ಸಿಕ್ಕಿದ್ದೇ ಇಂಟರ್‌ನೆಟ್‌ನಲ್ಲಿ. ಪೊಲೀಸರು ನೋಡಿದರೆ ರಾಜ್ಯದಲ್ಲಿ ಕಾನೂನೇ ಇಲ್ಲ! ಜೊತೆಗಿದ್ದವನ ಮೇಲೆ ಅನುಮತಿ ಇಲ್ಲದೆ ಬೇರೆಯವರ ಜಾಗಕ್ಕೆ ನುಗ್ಗಿದ ಕೇಸು ಮಾತ್ರ ಹಾಕೋಕಾಯಿತು. ಮರುವರ್ಷವೇ ಕಾನೂನು ಬಂತು. ಆ ಕುದುರೆಯ ಬಗ್ಗೆ ಯಾರೂ ಹೆಚ್ಚು ಬರೆದಿಲ್ಲ.

ಮಂಡಕ್ಕಿ ಗಿರ್ಮಿಟ್

ಬರ್ಲಿನ್, ಡೆನ್ಮಾರ್ಕ್ ಎಲ್ಲ ಸರಿ. ನಮ್ಮ ಕಡೆಯ ಬಗ್ಗೆ ಯಾರೂ ಮಾತಾಡ್ತಿಲ್ಲ. ನಾನು ಹಳ್ಳಿಯಲ್ಲಿ ಬೆಳೆದವನು. ನಮ್ಮೂರಲ್ಲಿ ಒಬ್ಬರ ಬಗ್ಗೆ ಎಲ್ಲರಿಗೂ ಗೊತ್ತಿತ್ತು. ಕಟ್ಟೆ ಮೇಲೆ ಕೂತವರು ಅವರು ಹೋಗುವಾಗ "ಮೇ..." ಅಂತ ಕುರಿ ಹಾಗೆ ಕೂಗೋರು. ಎಲ್ಲರೂ ನಗೋರು. ಅವರೂ ನಗೋರು. ನಾನೂ ನಕ್ಕಿದ್ದೇನೆ, ಹತ್ತು ವರ್ಷದ ಹುಡುಗ ಆಗ.

ಬರ್ಲಿನ್‌ನವರು ಫಲಕ ಹಿಡಿದು ಕೇಳಿದ ಒಪ್ಪಿಗೆಯನ್ನ ನಮ್ಮೂರು ನಕ್ಕು ಕೊಟ್ಟುಬಿಟ್ಟಿತ್ತು. ಯಾರಾದರೂ ಒಬ್ಬರು ಹೋಗಿ ಅವರ ಕೊಟ್ಟಿಗೆ ನೋಡಿದ್ದರಾ? ಇಲ್ಲ. ಇವತ್ತು ಮೊದಲ ಸಲ ಇದನ್ನ ಬರೀತಿದ್ದೇನೆ.

ಕೊಟ್ಟಿಗೆ ಡಾಕ್ಟರ್

ನೀವು ಹೇಳಿದ್ದು ನೂರಕ್ಕೆ ನೂರು. ಕೊಟ್ಟಿಗೆಯಲ್ಲಿ ಏನೋ ಸರಿ ಇಲ್ಲ ಅಂತ ಅನುಮಾನ ಬಂದು ನಾನು ಮನೆಯವರನ್ನ ಕೇಳಿದ್ದಿದೆ. ಸಿಗೋ ಉತ್ತರ ಒಂದು ನಗು, ಇಲ್ಲಾ "ಏನೋ ಚುಚ್ಚಿಕೊಂಡಿರಬೇಕು ಡಾಕ್ಟ್ರೇ".

ಮನಸಿನ ಮಾತು

ಆಪ್ತ ಸಮಾಲೋಚನೆ ಮಾಡ್ತೀನಿ. ಒಂದು ಬೇರೆ ಮಾತು ಸೇರಿಸಬೇಕು.

'ಝೂಫಿಲಿಯಾ' ಅನ್ನೋ ಪದವನ್ನ ವೈದ್ಯಕೀಯಕ್ಕೆ ತಂದಿದ್ದು 19ನೇ ಶತಮಾನದ ಕೊನೆಯ ಹೊತ್ತಿಗೆ ಆಸ್ಟ್ರಿಯಾದ ಮನೋವೈದ್ಯ ಕ್ರಾಫ್ಟ್ ಎಬಿಂಗ್. 1980ರ ಅಮೆರಿಕನ್ ಮನೋರೋಗ ಪಟ್ಟಿಯಲ್ಲಿ ಅದಕ್ಕೆ ಪ್ರತ್ಯೇಕ ಜಾಗ ಇತ್ತು. ಆಮೇಲೆ 'ಇತರೆ' ಅನ್ನೋ ಗುಂಪಿಗೆ ಹೋಯಿತು. "ನೋಡಿ, ಪಟ್ಟಿಯಿಂದ ತೆಗೆದರು, ಇದು ಕಾಯಿಲೆ ಅಲ್ಲ" ಅಂತ ಈ ಗುಂಪಿನವರು ಹೇಳ್ತಾರೆ. ತೆಗೆದಿಲ್ಲ, ಜಾಗ ಬದಲಾಗಿದೆ ಅಷ್ಟೇ. 1999ರಲ್ಲಿ ಹಾನಿ ಮಿಲೆಟ್ಸ್ಕಿ ಅನ್ನೋ ಸಂಶೋಧಕಿ 82 ಗಂಡಸರು, 11 ಹೆಂಗಸರಿಗೆ ಪ್ರಶ್ನಾವಳಿ ಕೊಟ್ಟು ಅಧ್ಯಯನ ಮಾಡಿದರು. ಎಷ್ಟೋ ಜನ ಪ್ರೀತಿ ಅಂತಲೇ ಹೇಳಿಕೊಂಡರು. ಅವರ ಅನಿಸಿಕೆ ಸುಳ್ಳು ಅಂತ ನಾನು ಹೇಳಲ್ಲ. ಆದರೆ ಕೇಳಿದ್ದು ಮನುಷ್ಯರನ್ನ ಮಾತ್ರ.

ನನಗೆ ಮುಖ್ಯ ಅನಿಸೋದು ಇದು. ಮನಸ್ಸಿಗೆ ಬರುವ ಆಸೆ ಬೇರೆ, ಮಾಡೋ ಕೆಲಸ ಬೇರೆ. ಇಂಥ ಆಸೆ ಇಟ್ಟುಕೊಂಡು, ಒಂದು ಸಲವೂ ಹಾಗೆ ನಡೆದುಕೊಳ್ಳದೆ, ನಾಚಿಕೆಯಲ್ಲಿ ಸಾಯುತ್ತಿರುವ ಹುಡುಗನೊಬ್ಬ ಇದನ್ನ ಓದುತ್ತಿರಬಹುದು. ಅವನಿಗೆ ನಾವು ಬಾಗಿಲು ಮುಚ್ಚಿದರೆ ಬಾಗಿಲು ತೆಗೆದು ಕಾಯೋದು ಆ ಗುಂಪು. "ಬಾ, ನೀನು ಸರಿಯಾಗೇ ಇದ್ದೀಯ, ತಪ್ಪು ಜಗತ್ತಿನದು" ಅಂತಾರೆ. ಅಲ್ಲಿಗೆ ಹೋದವನಿಗೆ ವಾಪಸ್ ಬರೋ ದಾರಿ ಕಷ್ಟ. ತಮ್ಮಾ, ಟೆಲಿ ಮನಸ್ ಸಹಾಯವಾಣಿ 14416. ಕನ್ನಡದಲ್ಲೇ ಮಾತಾಡಬಹುದು. ದುಡ್ಡಿಲ್ಲ. ಹೇಳಿಕೊಂಡ ಮಾತ್ರಕ್ಕೆ ನೀನು ಅಪರಾಧಿ ಆಗಲ್ಲ.

ಸಾಬರಮ್ಮನ ಕೆರೆ

ಇದು ಒಪ್ಪಿದೆ. ಮೊದಲು ಬಂದಾಗ ಬೈಯೋಣ ಅಂತಲೇ ಬಂದಿದ್ದೆ.

ವಕೀಲರೇ, ಆ ಹಾಸನದ ನಾಯಿ ಕೇಸಲ್ಲಿ ಏನಾಯ್ತು? ಈಗ ನಮ್ಮಲ್ಲಿ ಯಾವ ಸೆಕ್ಷನ್?

ಕೊಟ್ಟಿಗೆ ಡಾಕ್ಟರ್

ಏನಾಯ್ತು ಅಂತ ನಾನೇ ಹೇಳ್ತೀನಿ. ಹುಡುಗರ ಜೊತೆ ಠಾಣೆಗೆ ಹೋದೆ. ಅಲ್ಲಿದ್ದವರು ಒಳ್ಳೆಯವರೇ. ಕೂರಿಸಿ ಟೀ ತರಿಸಿದರು. ರೈಟರ್ ಹೊಸ ಕಾನೂನಿನ ಪುಸ್ತಕ ತೆಗೆದು ಹತ್ತು ನಿಮಿಷ ಪುಟ ತಿರುವಿದರು. ಹಳೆಯ ಪುಸ್ತಕದಲ್ಲಿ ಅವರು ಪೆನ್ಸಿಲ್‌ನಲ್ಲಿ ಗುರುತು ಹಾಕಿಟ್ಟುಕೊಂಡಿದ್ದ 377 ಹೊಸದರಲ್ಲಿ ಇರಲೇ ಇಲ್ಲ. ಕೊನೆಗೆ ತಲೆ ಎತ್ತಿ, "ಮೇಡಂ, ಯಾವ ಸೆಕ್ಷನ್ ಹಾಕಲಿ? ನೀವೇ ಹೇಳಿ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಕಪ್ಪು ಕೋಟು ಧಾರವಾಡ

ಆ ರೈಟರ್ ಕೇಳಿದ್ದು ಸರಿಯಾದ ಪ್ರಶ್ನೆ. ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಿಂದ ಬಂತು. 377ರ ಬದಲಿಗೆ ಅದರಲ್ಲಿ ಏನೂ ಇಲ್ಲ. ಹಳೆಯ ಸೆಕ್ಷನ್‌ನಲ್ಲಿ ಹತ್ತು ವರ್ಷದವರೆಗೆ, ಜೀವಾವಧಿಯವರೆಗೂ ಶಿಕ್ಷೆ ಇತ್ತು. 2023ರಲ್ಲಿ ಸಂಸದೀಯ ಸ್ಥಾಯಿ ಸಮಿತಿ ಈ ಖಾಲಿ ಜಾಗವನ್ನ ತೋರಿಸಿ, ಇಂಥ ಸೆಕ್ಷನ್ ಇರಬೇಕು ಅಂತ ಶಿಫಾರಸು ಮಾಡಿತ್ತು. ಸೇರಿಸಲಿಲ್ಲ. 2024ರ ಆಗಸ್ಟ್‌ನಲ್ಲಿ ದೆಹಲಿ ಹೈಕೋರ್ಟ್ ಇದನ್ನ ಪರಿಶೀಲಿಸಿ ಅಂತ ಕೇಂದ್ರಕ್ಕೆ ಹೇಳಿತು. ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್, ಇದು ಸಂಸತ್ತಿನ ಕೆಲಸ, ನಾವು ಸೇರಿಸೋಕಾಗಲ್ಲ ಅಂತ ಅರ್ಜಿಯನ್ನು ಕೈಬಿಟ್ಟಿತು.

ಈಗ ಉಳಿದಿರೋದು ಎರಡು ದಾರಿ. ನ್ಯಾಯ ಸಂಹಿತೆಯ 325: ಪ್ರಾಣಿಯನ್ನ ಕೊಂದರೆ, ವಿಷ ಹಾಕಿದರೆ, ಅಂಗವಿಕಲ ಮಾಡಿದರೆ, ನಿರುಪಯುಕ್ತ ಮಾಡಿದರೆ ಐದು ವರ್ಷದವರೆಗೆ. ನಾಯಿ ಬದುಕಿ ಎದ್ದು ಓಡಾಡಿದರೆ ಇದು ನಿಲ್ಲೋದು ಕಷ್ಟ. ಇನ್ನೊಂದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್. ಮೊದಲ ಸಲದ ಅಪರಾಧಕ್ಕೆ ದಂಡ ಎಷ್ಟು ಗೊತ್ತಾ? ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ದಶಕಗಳಿಂದ ಅದೇ ದರ. ಹೆಲ್ಮೆಟ್ ಹಾಕದಿದ್ದರೆ ಕಟ್ಟೋದು ಅದಕ್ಕಿಂತ ಜಾಸ್ತಿ.

2022ರಲ್ಲಿ ಕೇಂದ್ರ ಒಂದು ಕರಡು ತಿದ್ದುಪಡಿ ಹೊರಡಿಸಿ ಜನರ ಅಭಿಪ್ರಾಯ ಕೇಳಿತ್ತು. ಅದರಲ್ಲಿ 'ಘೋರ ಕ್ರೌರ್ಯ' ಅಂತ ಹೊಸ ವರ್ಗ ಮಾಡಿ ಇದನ್ನೂ ಸೇರಿಸಿದ್ದರು. ಅದು ಕರಡಾಗೇ ಉಳಿಯಿತು.

ಬರ್ಲಿನ್‌ನವರು ಬೀದಿಗಿಳಿದು, ಸಾಂವಿಧಾನಿಕ ನ್ಯಾಯಾಲಯದವರೆಗೆ ಹೋದರೂ ಸಿಗದ ಜಾಗ ಇಲ್ಲಿ ಒಂದು ಮರೆವಿನಿಂದ ತೆರೆದುಕೊಂಡಿದೆ. ನನ್ನನ್ನ ಜಾಸ್ತಿ ಕಾಡೋದು ಅದು.

ಕಾನೂನು ಬಂದರೂ ಪದಗಳು ಮುಖ್ಯ. ಕೆನಡಾದಲ್ಲಿ ಕಾನೂನು ಇತ್ತು. ಆದರೆ 2016ರಲ್ಲಿ ಅವರ ಸುಪ್ರೀಂ ಕೋರ್ಟ್ ಹಳೆಯ ಪದದ ಹಳೆಯ ಅರ್ಥವನ್ನೇ ಹಿಡಿದು, ಸಂಭೋಗ ನಡೆದಿದ್ದರೆ ಮಾತ್ರ ಅಪರಾಧ, ಉಳಿದದ್ದು ಆ ಪದದೊಳಗೆ ಬರಲ್ಲ ಅಂದಿತು. ನ್ಯಾಯಮೂರ್ತಿ ಅಬೆಲ್ಲಾ ಒಬ್ಬರೇ ಒಪ್ಪಲಿಲ್ಲ. 2019ರಲ್ಲಿ ಸಂಸತ್ತು ತಿದ್ದಿ, ಲೈಂಗಿಕ ಉದ್ದೇಶದ ಯಾವುದೇ ಸಂಪರ್ಕವೂ ಅಪರಾಧ ಅಂತ ಬರೆಯಿತು. ನಮ್ಮವರು ಬರೆಯುವಾಗ ಜರ್ಮನಿಯ 'ಒತ್ತಾಯ' ಬೇಡ, 'ಪ್ರಕೃತಿಗೆ ವಿರುದ್ಧ' ಅಂತೂ ಬೇಡವೇ ಬೇಡ, ಕೆನಡಾದ ಹಾಗೆ ನೇರವಾಗಿ ಬರೆಯಲಿ.

ಸಂಪಿಗೆ ರಸ್ತೆ

'ಪ್ರಕೃತಿಗೆ ವಿರುದ್ಧ' ಬೇಡ ಅಂದಿದ್ದಕ್ಕೆ ಥ್ಯಾಂಕ್ಸ್ ಸರ್. ಆ ಪದ ಮತ್ತೆ ಬಂದರೆ ಮತ್ತೆ ನಮ್ಮ ಬಾಗಿಲಿಗೇ ಬರುತ್ತೆ. ಮನವಿ ಬರೆಯೋದಾದರೆ ನನ್ನ ಸಹಿ ಮೊದಲು ಹಾಕಿ.

ಸ್ಪ್ರೀ ದಂಡೆಯವನು

ಕರಡು ನಾನೂ ತಂಗಿ ಮಗನೂ ಸೇರಿ ಬರೀತೀವಿ, ವಕೀಲರು ತಿದ್ದಿ ಕೊಡಿ. ಡಾಕ್ಟರ್ ಮೇಡಂ, ಆ ಕೇಸು ಕೊನೆಗೆ ನಿಂತಿತಾ?

ಕೊಟ್ಟಿಗೆ ಡಾಕ್ಟರ್

ಇಲ್ಲ. 11ನೇ ಸೆಕ್ಷನ್ ಹಾಕಿದರು, ಆದರೆ ಯಾರು ಅಂತ ತೋರಿಸೋಕೆ ಏನೂ ಉಳಿದಿರಲಿಲ್ಲ. ಅದಕ್ಕೆ ಕಾರಣ ಆ ಹುಡುಗರ ಒಳ್ಳೆಯ ಮನಸ್ಸು. ನಾಯಿ ಸಿಕ್ಕಾಗ ರಕ್ತ, ಮಣ್ಣು ಮೆತ್ತಿತ್ತಂತೆ. ಪಾಪ ಅನಿಸಿ ಬೋರ್‌ವೆಲ್ ಹತ್ತಿರ ಕೂರಿಸಿ, ಲೈಫ್‌ಬಾಯ್ ಹಾಕಿ ಚೆನ್ನಾಗಿ ತೊಳೆದು, ಒಬ್ಬ ತನ್ನ ಶರ್ಟಿನಲ್ಲೇ ಒರೆಸಿ ತಂದಿದ್ದ. ನಾನು ತೆಗೆದ ಸ್ಯಾಂಪಲ್‌ನಲ್ಲಿ ಏನೂ ಬರಲಿಲ್ಲ. ಅವರಿಗೆ ಇದನ್ನ ನಾನು ಇವತ್ತಿಗೂ ಹೇಳಿಲ್ಲ.

ಹಾಗಾಗಿ ಇದನ್ನ ಓದಿದವರು ನೆನಪಿಡಿ. ಅನುಮಾನ ಇದ್ದರೆ ನಾಯಿಯಾಗಲಿ ಕರುವಾಗಲಿ ಮೈ ತೊಳೆಸಬೇಡಿ. ಗಾಯಕ್ಕೆ ಅರಿಶಿನ ಹಚ್ಚಬೇಡಿ. ಸಿಕ್ಕ ಜಾಗದ ಫೋಟೋ ತೆಗೆದುಕೊಳ್ಳಿ. ಒಗೆದ ಬಟ್ಟೆಯಲ್ಲಿ ಸುತ್ತಿ ಅವತ್ತೇ ಪಶು ಆಸ್ಪತ್ರೆಗೆ ತನ್ನಿ, ಆ ಬಟ್ಟೆಯನ್ನೂ ಬಿಸಾಡಬೇಡಿ. ಸ್ನಾನ ಆಮೇಲೆ ನಾವೇ ಮಾಡಿಸ್ತೀವಿ.